ಗಡಿಯಾರ ಹಿಂದಿಡುವ ಭಾನುವಾರ

ಮಾರಿಯನ್ ಹೋಲ್ಡ್ಸ್‌ವರ್ತ್ ಮನೆಯ ಬಾಗಿಲನ್ನು ವಿಲ್ಫ್ ಆಕ್ರಾಯ್ಡ್ ಯಾವ ಸಲ ಹೋದಾಗಲೂ ಒಂದಕ್ಕಿಂತ ಹೆಚ್ಚು ಬಾರಿ ತಟ್ಟಿದವನಲ್ಲ. ಒಮ್ಮೆ ತಟ್ಟಿ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಿದ್ದ. ಅಷ್ಟರೊಳಗೆ ತೆರೆಯದಿದ್ದರೆ ಅವಳು ಮನೆಯಲ್ಲಿಲ್ಲವೆಂದು ತಿಳಿದು ಹೊರಟುಬಿಡಬಹುದು, ತಪ್ಪು ತನ್ನದಲ್ಲ. ಆದರೆ ಆ ಪುಣ್ಯಾತ್ಗಿತ್ತಿ ಪ್ರತಿ ಸಲವೂ ಏಳಕ್ಕೋ ಎಂಟಕ್ಕೋ ತೆರೆದುಬಿಡುತ್ತಿದ್ದಳು. ಒಂಬತ್ತು ವರ್ಷದಿಂದ, ಅಂದರೆ ಅವಳ ಗಂಡ ರಾಯ್ ಸತ್ತಂದಿನಿಂದ, ವರ್ಷಕ್ಕೆ ಎರಡು ಸಲ ಹೀಗೆ: ಮಾರ್ಚ್‌ನಲ್ಲಿ ಇಡೀ ದೇಶ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಭಾನುವಾರ ಒಮ್ಮೆ, ಅಕ್ಟೋಬರಿನ ಕೊನೆಯಲ್ಲಿ ಅದನ್ನೇ ಹಿಂದಿಡುವ ಭಾನುವಾರ ಇನ್ನೊಮ್ಮೆ. ಬೆತೆಲ್ ಟೆರೇಸ್ ಎಂಬ ಆ ಬೀದಿಯ ಒಂಬತ್ತು ಮನೆಗಳಲ್ಲಿ ಮನೆಯನ್ನೂ ನೀರನ್ನೂ ಹೊತ್ತಿಗೆ ಸರಿಯಾಗಿ ಕಾಯಿಸುವ ಹೀಟಿಂಗ್ ಟೈಮರುಗಳನ್ನು ತಿದ್ದುವುದು ವಿಲ್ಫನ ಕೆಲಸ ಎಂದು ಯಾರೂ ಗೊತ್ತುಮಾಡಿದ್ದಲ್ಲ, ಹಾಗೇ ಆಗಿಹೋಗಿತ್ತು. ಹ್ಯಾಲಿಫ್ಯಾಕ್ಸಿನ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಬಸ್ಸುಗಳ ವೈರಿಂಗ್ ನೋಡಿಕೊಂಡಿದ್ದವನು ಎಂಬುದಷ್ಟೇ ಅವನ ಯೋಗ್ಯತೆ. ಬಸ್ಸಿನದು ಇಪ್ಪತ್ತನಾಲ್ಕು ವೋಲ್ಟು, ಮನೆಯದು ಇನ್ನೂರ ನಲವತ್ತು. ಮೊದಲನೆಯದು ತಪ್ಪು ಮಾಡಿದವನನ್ನು ಬೈದು ಬಿಡುತ್ತದೆ, ಎರಡನೆಯದಕ್ಕೆ ಬೈಯುವ ವ್ಯವಧಾನವಿಲ್ಲ. ಇದು ಬೀದಿಯವರಿಗೆ ತಿಳಿಯದು, ವಿಲ್ಫನಿಗೆ ಚೆನ್ನಾಗಿ ತಿಳಿದಿತ್ತು. ಆದರೂ ಪ್ರತಿ ಅಕ್ಟೋಬರಿನಲ್ಲಿ ಜೇಬಿಗೆ ಟೆಸ್ಟರ್ ಸಿಕ್ಕಿಸಿಕೊಂಡು, ಕನ್ನಡಕ ಒರೆಸಿಕೊಂಡು ಹೊರಡುವಾಗ ಅವನ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು, ಮಾರಿಯನ್ ಮನೆಯ ಮೆಟ್ಟಿಲು ಬರುವವರೆಗೆ.

ಈ ಸಲ ಐದು ಎಣಿಸುವಷ್ಟರಲ್ಲೇ ಅವಳು ತೆರೆದಳು. ಒರಟು ಪ್ಯಾಂಟು, ಮೊಣಕೈವರೆಗೆ ಮಡಿಸಿದ ತೋಳು, ಕೆನ್ನೆಯ ಮೇಲೆ ಸುಣ್ಣದ ಧೂಳು. ಅರವತ್ತಾರು ದಾಟಿದ ಹೆಂಗಸು ಪರೀಕ್ಷೆಯಲ್ಲಿ ಪಾಸಾದ ಹುಡುಗಿಯ ಹಾಗೆ ನಗುತ್ತಿದ್ದಳು.

"ಬಂದ್ಯಾ! ಬಾ ಬಾ. ಈ ವರ್ಷ ನಿನಗೆ ಇಲ್ಲಿ ಕೆಲಸ ಇಲ್ಲ ಕಣಯ್ಯ, ಬರೀ ಟೀ ಕುಡಿದು ಹೋಗೋದು."

"ಯಾಕೆ, ಏನಾಯ್ತು?"

"ಬಾ ನೋಡು."

ಅಡುಗೆಮನೆಯ ಸಿಂಕಿನ ಪಕ್ಕ, ಗೋಡೆಯ ಬಿಳಿ ಟೈಲ್ಸಿನ ನಡುವೆ, ಹದಿನಾಲ್ಕು ವರ್ಷ ಹಳದಿ ತಿರುಗಿದ ಹಲ್ಲಿನ ಹಾಗೆ ಕೂತಿದ್ದ ಟೈಮರ್ ಇರಲಿಲ್ಲ. ಆ ಜಾಗದಲ್ಲಿ ಹೊಸದೊಂದು, ನೀಲಿ ಅಕ್ಷರ ಬೆಳಗುವಂಥದ್ದು. ಅದರ ಸುತ್ತ ಹಳೆಯ ತೂತು ಕಾಣದಂತೆ ಹೊಳೆಯುವ ಸ್ಟೀಲಿನ ಚೌಕಟ್ಟು, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ವಿಲ್ಫ್ ಆ ಸ್ಕ್ರೂಗಳನ್ನು ನೋಡಿದ. ಅವು ಗೋಡೆಯೊಳಗೆ ವೈರುಗಳು ಬಂದು ಸೇರುವ ತಗಡಿನ ಡಬ್ಬಿಗೇ ಹೋಗಿ ಕೂರುವಷ್ಟು ಉದ್ದದವು.

"ಯಾರು ಹಾಕಿದ್ದು?" ಎಂದ.

"ನಾನೇ! ಮೆಥಡಿಸ್ಟ್ ಚರ್ಚ್ ಹಾಲ್‌ನಲ್ಲಿ ಹೆಂಗಸರಿಗೆ ಮನೆ ರಿಪೇರಿ ಕ್ಲಾಸ್ ನಡೀತಲ್ಲ, ಆರು ವಾರ. ಸುಮ್ನೆ ಟೀ ಬಿಸ್ಕತ್ತಿಗೆ ಹೋಗಿದ್ದೆ ಅಂದ್ಕೊಂಡ್ಯಾ? ಬೆಳಗ್ಗೆ ಆರಕ್ಕೇ ಎದ್ದು ಮೇನ್ ಆಫ್ ಮಾಡಿ ಶುರು ಹಚ್ಕೊಂಡೆ. ಆನ್ ಮಾಡಿದ್ರೆ ಬಾಯ್ಲರು ಗುರ್ ಅಂತು. ಕುಣಿದುಬಿಟ್ಟೆ ಕಣೋ."

"ಅಬ್ಬಾ."

"ಕಾಲಕ್ಕೆ ತಕ್ಕ ಹಾಗೆ ಗಂಟೆಯನ್ನ ತಾನೇ ತಿದ್ಕೊಳ್ಳುತ್ತಂತೆ. ಇನ್ಮೇಲೆ ನಿನ್ನ ಕಾಟ ತಪ್ತು." ಅವಳು ನಕ್ಕು ಅವನ ತೋಳಿಗೆ ಮೆಲ್ಲಗೆ ಗುದ್ದಿದಳು. "ಮುಖ ಯಾಕೆ ಹಾಗಾಯ್ತು? ಮುಟ್ಟಿ ನೋಡು, ಕಚ್ಚಲ್ಲ."

ವಿಲ್ಫ್ ಕೈ ಎತ್ತಿದ. ಬೆರಳು ಸ್ಟೀಲಿಗೆ ಒಂದು ಗೇಣು ದೂರದಲ್ಲಿ ತಾನಾಗಿ ನಿಂತಿತು, ಮುಂದೆ ಹೋಗಲೊಲ್ಲದು. ಕೆಮ್ಮಿದವನಂತೆ ನಟಿಸಿ ಆ ಕೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡ. ಅವಳು ನೋಡಿದಳೋ ಇಲ್ಲವೋ, ಕೆಟಲಿಗೆ ನೀರು ಹಿಡಿಯುತ್ತ ಮಾತಾಡುತ್ತಲೇ ಇದ್ದಳು. "ಒಳಗೆ ನೋಡ್ಬೇಕಿತ್ತು ನೀನು. ಹಸಿರು ಹಳದಿ ಅರ್ಥ್ ವೈರನ್ನ ತಗೊಂಡು ಹೋಗಿ ಕರೆಂಟಿನ ಸಾಲಲ್ಲಿ ಸಿಕ್ಕಿಸಿದ್ದ ಮಹಾರಾಯ! ನಮ್ಮ ಟೀಚರ್ ಮೊದಲನೇ ದಿನವೇ ಹೇಳಿದ್ರು, ಹಸಿರು ಹಳದಿ ಅಂದ್ರೆ ಅರ್ಥು, ಸೋರಿದ ಕರೆಂಟನ್ನ ನೆಲಕ್ಕಿಳಿಸೋದು, ಬೇರೆಲ್ಲೂ ಅದಕ್ಕೆ ಜಾಗ ಇಲ್ಲ ಅಂತ. ತೆಗೆದು ಡಬ್ಬಿಯ ಅರ್ಥ್ ಸ್ಕ್ರೂಗೆ ಬಿಗಿಯಾಗಿ ಹಾಕ್ದೆ. ಹೊಸದಕ್ಕೆ ಆ ವೈರೇ ಬೇಕಿಲ್ಲ ಅನ್ಸುತ್ತೆ, ಅದಿಲ್ಲದೇನೇ ಓಡ್ತಿದೆ. ಒಂದು ಮೂಲೆ ಮಸಿ ಹಿಡಿದ ಹಾಗೆ ಕಪ್ಪಗಿತ್ತು, ಅದನ್ನೂ ಒರೆಸಿಬಿಟ್ಟೆ. ರಾಯ್ ಕೆಲಸ, ಇನ್ಯಾರದ್ದು! ಪಾಪ, ಬಲ್ಬು ಹಾಕೋಕೂ ಬರ್ತಿರಲಿಲ್ಲ ಅವನಿಗೆ. ನಿನಗೂ ಹೇಳದೆ ಕೈ ಹಾಕಿರ್ಬೇಕು, ಅಲ್ವಾ?"

"ಹೂಂ," ಎಂದ ವಿಲ್ಫ್. "ಇರಬಹುದು."

ಅಷ್ಟೇ ಆಡಿದ್ದು. ಸತ್ತವನ ತಲೆಗೆ ತಪ್ಪು ಕಟ್ಟುವುದಕ್ಕೆ ಎಷ್ಟು ಚಿಕ್ಕ ಮಾತು ಸಾಕು! ಅವಳು ಪಾರ್ಕಿನ್ ಕೇಕಿನ ತುಂಡೊಂದನ್ನು ತಟ್ಟೆಯಲ್ಲಿಟ್ಟು ತಂದಳು, ಶುಂಠಿ ಬೆಲ್ಲದ ವಾಸನೆ ಬಂತು, ಅವನು ಬಾಯಿಗೆ ಹಾಕಿಕೊಂಡ, ಅದು ಮಣ್ಣಿನಂತೆ ನಾಲಗೆಗೆ ಮೆತ್ತಿಕೊಂಡಿತು. ನೀರು ಕಾಯುವುದು ಎಷ್ಟಕ್ಕೆ ಇಟ್ಟಿದ್ದೀಯ ಎಂದು ಆದಷ್ಟು ಸಹಜವಾಗಿ ಕೇಳಿದ. ಹತ್ತರಿಂದ ಹನ್ನೆರಡು, ಹನ್ನೊಂದಕ್ಕೆ ಸ್ನಾನ, ಮೈಯೆಲ್ಲ ಧೂಳು ಎಂದಳು. ಗೋಡೆಯಲ್ಲಿ ನೀಲಿ ಅಕ್ಷರ ಒಂಬತ್ತು ಐವತ್ತೆರಡು ತೋರಿಸುತ್ತಿತ್ತು. ಇನ್ನೂ ನಾಕೈದು ಮನೆ ಇದೆ ಎಂದು ಎದ್ದ. ಬಾಗಿಲಲ್ಲಿ ಅವಳು, "ಬೇಜಾರು ಮಾಡ್ಕೋಬೇಡ್ವೋ. ಕೆಲಸ ಇಲ್ಲ ಅಂದೆ, ಬರಬೇಡ ಅಂದಿಲ್ಲ," ಎಂದಳು. ಅದು ಒಳ್ಳೆಯ ಮಾತು. ಒಳ್ಳೆಯ ಮಾತು ಅವನಿಗೆ ತಡೆಯಲಾಗಲಿಲ್ಲ, ತಲೆಯಾಡಿಸಿ ಇಳಿದುಬಿಟ್ಟ.

ಉಳಿದ ಮನೆಗಳಿಗೆ ಹೋಗಲಿಲ್ಲ. ಇಳಿಜಾರಿನಲ್ಲಿ ತನ್ನ ಮನೆಯ ಕಡೆಗೇ ಕಾಲು ಎಳೆಯಿತು. ಕಲ್ಲು ಒದ್ದೆಯಾಗಿತ್ತು, ಮೆಟ್ಟಿಲುಗಳ ಮೇಲೆ ಭೂತಗಳ ಹಬ್ಬಕ್ಕೆಂದು ಮಕ್ಕಳು ಮುಖ ಕೊರೆದಿಟ್ಟ ಕುಂಬಳಕಾಯಿಗಳು ಹಲ್ಲು ಕಿರಿದಿದ್ದವು. ಹದಿನಾಲ್ಕು ವರ್ಷದ ಹಿಂದೆ ಆ ಅಡುಗೆಮನೆಯ ಟೈಲ್ಸ್ ಹೊಸದು. ಮಾರಿಯನ್ ಎರಡು ವರ್ಷ ಆಸೆಪಟ್ಟು ಹಾಕಿಸಿದ್ದು, ಸಿಮೆಂಟು ಒಣಗಿ ವಾರವಾಗಿರಲಿಲ್ಲ. ಆಗ ಹಳೆಯ ಟೈಮರ್ ಸತ್ತಿತ್ತು. ಹೊಸದಕ್ಕೆ ಒಂದು ವೈರು ಹೆಚ್ಚು ಬೇಕು, ಗೋಡೆಯೊಳಗಿನ ಕೇಬಲಿನಲ್ಲಿ ಅಷ್ಟಿಲ್ಲ. ಸರಿಯಾದ ದಾರಿ ಒಂದೇ, ಟೈಲ್ಸ್ ಒಡೆದು ಬೇರೆ ಕೇಬಲ್ ಎಳೆಯುವುದು. ರಾಯ್ ಎರಡೂ ಕೈ ಜೋಡಿಸಿದ್ದ: "ಟೈಲ್ಸ್ ಒಡೆದ್ರೆ ಅವಳು ನನ್ನ ತಲೆ ಒಡೀತಾಳೆ ಕಣಪ್ಪ, ಏನಾದ್ರೂ ಉಪಾಯ ಮಾಡು." ಉಪಾಯ! ಅರ್ಥಿಗೆಂದು ಸುಮ್ಮನೆ ಇದ್ದ ಹಸಿರು ಹಳದಿಯನ್ನೇ ಕರೆಂಟಿಗೆ ಬಳಸಿಕೊಂಡದ್ದು ಆ ಉಪಾಯ. ಟಾರ್ಚು ಹಿಡಿದಿದ್ದ ರಾಯ್ ಬಗ್ಗಿ ನೋಡಿ, "ಅದು ಅರ್ಥ್ ವೈರ್ ಅಲ್ವೇನಯ್ಯ?" ಎಂದಿದ್ದ, ಬಲ್ಬು ಹಾಕಲು ಬಾರದ ರಾಯ್. "ಟಾರ್ಚು ಸರಿಯಾಗಿ ಹಿಡಿ," ಎಂದಿದ್ದ ವಿಲ್ಫ್. ಇದು ಅರ್ಥ್ ಅಲ್ಲ, ಕರೆಂಟು ಎಂದು ಮುಂದಿನವರಿಗೆ ತಿಳಿಯಲೆಂದು ಕಂದು ಟೇಪು ಸುತ್ತಬೇಕಿತ್ತು, ಡಿಪೋದಲ್ಲಿ ಹೊಸಬರಿಗೆ ಅವನೇ ಕಲಿಸಿದ ಪಾಠ. ಟೇಪು ಮನೆಯಲ್ಲಿ ಉಳಿದಿತ್ತು. ನಾಳೆ ಸುತ್ತಿದರಾಯಿತು ಎಂದು ಮುಚ್ಚಳ ಮುಚ್ಚಿದ. ಆ ನಾಳೆ ಬರಲಿಲ್ಲ. ಹೋಗಲಿ, ಮರೆತ ಎನ್ನೋಣವೆಂದರೆ ಮರೆತೂ ಇರಲಿಲ್ಲ. ಪ್ರತಿ ಮಾರ್ಚ್, ಪ್ರತಿ ಅಕ್ಟೋಬರ್ ಆ ಮುಚ್ಚಳದ ಎದುರು ನಿಂತು ಗುಂಡಿ ಒತ್ತಿ ವೇಳೆ ತಿದ್ದಿದ್ದಾನೆ, ಜೇಬಿನಲ್ಲಿ ಟೇಪು ಇಟ್ಟುಕೊಂಡೂ ಹೋಗಿದ್ದಾನೆ, ಮುಚ್ಚಳ ತೆಗೆದಿಲ್ಲ. ಮೊದಲು ನಾಚಿಕೆ. ರಾಯ್ ಸತ್ತ ಮೇಲೆ ಭಯ.

ಯಾಕೆಂದರೆ ರಾಯ್ ಬಿದ್ದದ್ದು ಅಲ್ಲೇ, ಆ ಸಿಂಕಿನ ಮುಂದೆ, ಆ ಗೋಡೆಯ ಬುಡದಲ್ಲಿ. ಎದೆ ಹಿಡಿದುಕೊಂಡು ಬಿದ್ದ. ಮಾರಿಯನ್ ಹಾಗೆಂದು ಎಲ್ಲರಿಗೂ ಹೇಳಿದ್ದಳು. ಮೊದಲೇ ಹೃದಯದ ಕಾಯಿಲೆ, ನಾಲ್ಕು ಬಗೆಯ ಮಾತ್ರೆ, ಹಿಂದಿನ ವಾರವಷ್ಟೇ ನೋಡಿದ್ದ ಡಾಕ್ಟರು ಎರಡು ಮಾತಿಲ್ಲದೆ ಸಹಿ ಹಾಕಿ ಕಾಗದ ಕೊಟ್ಟರು. ಶವಸಂಸ್ಕಾರದ ದಿನ ಚ್ಯಾಪೆಲ್ ಎಂಬ ಪುಟ್ಟ ಚರ್ಚಿನ ಹಿಂದಿನ ಕೋಣೆಯಲ್ಲಿ ಹ್ಯಾಮ್ ಸ್ಯಾಂಡ್‌ವಿಚ್ ಹಿಡಿದು ನಿಂತ ಜನರ ನಡುವೆ ಮಾರಿಯನ್ ಬೂದು ಕೋಟಿನಲ್ಲಿ ಓಡಾಡುತ್ತಿದ್ದಳು, ಕೇಳಿದವರಿಗೆಲ್ಲ ಅದೇ ಮಾತು, "ಎದೆ ಹಿಡ್ಕೊಂಡ, ಹಾಗೇ ಕುಸಿದ." ಆ ಮಾತು ಇನ್ನೊಮ್ಮೆ ಕೇಳಲೆಂದು ವಿಲ್ಫ್ ತಟ್ಟೆ ಹಿಡಿದು ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಗಿ ನಿಂತಿದ್ದ. ಮೂರು ಸಲ ಕೇಳಿದ್ದ. ಎದೆ ಹಿಡಿದ ಕೈ ಗೋಡೆಯ ಮೇಲೆ ಇರಲಾರದು. ತಾನು ಬಿಗಿದ ವೈರಿನ ಒಂದು ಎಳೆ ಹೊರಕ್ಕೆ ಸರಿದು ಆ ತಗಡಿನ ಡಬ್ಬಿಗೆ ತಗುಲಿರಲಾರದು, ತಗುಲಿದ್ದರೂ ರಾಯ್ ಒದ್ದೆ ಕೈಯಲ್ಲಿ ಅದರ ಸ್ಕ್ರೂ ಮುಟ್ಟಿರಲಾರ, ಮುಟ್ಟಿದ್ದರೂ... ಇಲ್ಲ, ಎದೆ ಹಿಡಿದುಕೊಂಡಿದ್ದ. ಒಂಬತ್ತು ವರ್ಷ ವಿಲ್ಫ್ ರಾತ್ರಿ ಮಗ್ಗುಲು ಬದಲಿಸಿದಾಗಲೆಲ್ಲ ಆ ಮಾತನ್ನೇ ತಲೆದಿಂಬು ಮಾಡಿಕೊಂಡು ಮಲಗಿದವನು. ಈಗ ಕೇಳಿದರೆ ಒಳಗೊಂದು ಮೂಲೆ ಕಪ್ಪಗಿತ್ತಂತೆ. ಧೂಳೂ ಕಪ್ಪಾಗುತ್ತದೆ, ಅಡುಗೆಮನೆಯ ಜಿಡ್ಡೂ ಕಪ್ಪಾಗುತ್ತದೆ. ಕಿಡಿ ಹಾರಿದ ಜಾಗವೂ ಕಪ್ಪಾಗುತ್ತದೆ. ಯಾವುದೆಂದು ನೋಡಿದರೆ ಗೊತ್ತಾಗುತ್ತಿತ್ತು, ಅವಳು ಒರೆಸಿದ್ದಾಳೆ.

ಮನೆಯಲ್ಲಿ ಅವನ ಹೆಂಡತಿ ಆಲ್ಮಾ ಆಲೂಗಡ್ಡೆ ಸುಲಿಯುತ್ತಿದ್ದಳು. "ಏನು, ಇಂಜಿನಿಯರ್ ಸಾಹೇಬ್ರು ಇಷ್ಟು ಬೇಗ?" ಎಂದಳು ತಲೆಯೆತ್ತದೆ.

"ಮಾರಿಯನ್ ಹೊಸ ಟೈಮರ್ ಹಾಕ್ಕೊಂಡಿದ್ದಾಳೆ. ಅವಳೇ."

"ಒಳ್ಳೇದಾಯ್ತು ಬಿಡು. ಶಿಷ್ಯೆ ಕಲಿತಳು, ಗುರು ರಿಟೈರ್ ಆದ್ರು." ಅವಳಿಗೆ ನಗು. ಅವನು ನಗದ್ದು ನೋಡಿ ಸುಲಿಯುವ ಕೈ ನಿಧಾನವಾಯಿತು. "ಮೈ ಹುಷಾರಿಲ್ವಾ? ಬಣ್ಣವೇ ಇಲ್ಲ ಮುಖದಲ್ಲಿ."

ಏನಿಲ್ಲ ಎಂದು ಕುರ್ಚಿಯಲ್ಲಿ ಕೂತ. ಕೋಟು ಕಳಚಲಿಲ್ಲ. ಏನಾಗುತ್ತದೆ ಎಂಬುದು ಅವನಿಗೆ ತನ್ನ ಅಂಗೈಯಷ್ಟು ಸ್ಪಷ್ಟವಾಗಿತ್ತು. ಮಹಡಿಯ ಬೀರುವಿನಲ್ಲಿರುವ ತಾಮ್ರದ ಹಂಡೆಯ ನೀರು ಕಾಯುವವರೆಗೆ ಏನೂ ಇಲ್ಲ, ಎಲ್ಲ ಸರಿಯಾಗಿಯೇ ಇರುತ್ತದೆ, ಯಾವ ಟೆಸ್ಟರಿಗೂ ಸಿಗದು. ನೀರು ಪೂರ್ತಿ ಕಾದದ್ದೇ ತಡ, ಹಂಡೆಯ ಮೈಗೆ ಕಟ್ಟಿದ ಸ್ವಿಚ್ಚು ಟಕ್ಕೆಂದು ತಿರುಗಿ ಕರೆಂಟನ್ನು ಆ ಹಸಿರು ಹಳದಿ ವೈರಿಗೆ ದಾಟಿಸುತ್ತದೆ. ಆ ವೈರನ್ನು ಮಾರಿಯನ್ ಈಗ ಬಿಗಿಯಾಗಿ, ಕಲಿತ ಹಾಗೆ, ಡಬ್ಬಿಗೇ ಕಟ್ಟಿದ್ದಾಳೆ. ಡಬ್ಬಿಗೆ ಬೇರೆ ಅರ್ಥಿಲ್ಲ. ಡಬ್ಬಿಯಿಂದ ಸ್ಕ್ರೂಗೆ, ಸ್ಕ್ರೂನಿಂದ ಆ ಹೊಳೆಯುವ ಸ್ಟೀಲಿಗೆ. ಒಂದು ಕೈ ನಲ್ಲಿಯ ಮೇಲೆ, ಇನ್ನೊಂದು ಒದ್ದೆ ಬಟ್ಟೆ ಹಿಡಿದು ಸ್ಟೀಲು ಒರೆಸುತ್ತ. ಅವಳು ಒರೆಸದೆ ಬಿಡುವವಳಲ್ಲ, ಹೊಸದು ಬೇರೆ. ಬೀದಿಯಲ್ಲಿ ಯಾವ ಮನೆಗೂ ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚಿಲ್ಲ, ಎಲ್ಲ ಅಜ್ಜನ ಕಾಲದ ಫ್ಯೂಸುಗಳು. ಹಾಗಿದ್ದರೂ ಕುರ್ಚಿ ಬಿಟ್ಟು ಏಳಲು ಆಗಲಿಲ್ಲ. ಎದ್ದು ಹೋದರೆ ನಾನೇ ಎನ್ನಬೇಕು. ನಾನೇ ಎಂದರೆ ಅವಳು ಮುಂದಿನ ಪ್ರಶ್ನೆ ಕೇಳುತ್ತಾಳೆ, ದಡ್ಡಿಯಲ್ಲ ಅವಳು. ಹಂಡೆ ದೊಡ್ಡದು, ಕಾಯಲು ಮುಕ್ಕಾಲು ಗಂಟೆಯಾದರೂ ಬೇಕು, ಇನ್ನೂ ಹೊತ್ತಿದೆ, ಒಂದು ಉಪಾಯ ಹುಡುಕೋಣ. ಮತ್ತೆ ಉಪಾಯ! ಕನ್ನಡಕ ಬಿಟ್ಟು ಬಂದೆ ಎಂದು ಹೋಗಿ, ಅವಳು ಮೇಲೆ ಸ್ನಾನಕ್ಕೆ ಹೋದಾಗ ಕದ್ದು ಬಿಚ್ಚಿ ಸರಿಮಾಡಿದರೆ? ಅರವತ್ತೆಂಟು ವರ್ಷದ ಗಂಡಸು ಇನ್ನೊಬ್ಬರ ಮನೆಯ ಅಡುಗೆಕೋಣೆಯಲ್ಲಿ ಕಳ್ಳನ ಹಾಗೆ ಸ್ಕ್ರೂ ಬಿಚ್ಚುವುದನ್ನು ಕಣ್ಣಮುಂದೆ ತಂದುಕೊಂಡು ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಆ ಅಸಹ್ಯದಲ್ಲೇ ತಲೆಯೆತ್ತಿದಾಗ ಅಡುಗೆ ಒಲೆಯಲ್ಲೇ ಅಳವಡಿಸಿದ್ದ ಗಡಿಯಾರ ಕಂಡಿತು. ಹನ್ನೊಂದು ಇಪ್ಪತ್ತು.

ಇಷ್ಟು ಹೊತ್ತು ಕೂತೇ ಇದ್ದೆನೇ? ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಫೋನಿನ ಗುಂಡಿ ಒತ್ತುವ ಬೆರಳು ಎರಡು ಸಲ ತಪ್ಪಿತು. ಆ ಕಡೆ ಗಂಟೆ ಹೊಡೆಯಿತು, ಹೊಡೆಯಿತು, ಹೊಡೆಯುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

"ಎಲ್ಲಿಗೆ? ವಿಲ್ಫ್! ಏನಾಯ್ತು ಅಂತ ಹೇಳಾದ್ರೂ ಹೋಗು!" ಆಲ್ಮಾ ಬಾಗಿಲವರೆಗೆ ಬಂದಳು. ಅವನು ಆಗಲೇ ಬೀದಿಯಲ್ಲಿದ್ದ. ಏರು ಹತ್ತುವಾಗ ಉಸಿರು ಸಿಳ್ಳೆ ಹೊಡೆಯುತ್ತಿತ್ತು. ದೇವರೇ ಎಂದ. ಪ್ರಾರ್ಥನೆಗೆಂದು ಚ್ಯಾಪೆಲಿಗೆ ಹೋಗುವುದು ಬಿಟ್ಟು ಇಪ್ಪತ್ತು ವರ್ಷವಾಗಿತ್ತು, ಆದರೂ ಎಂದ. ಅವಳೊಬ್ಬಳು ಬದುಕಿರಲಿ, ಎಲ್ಲ ಹೇಳಿಬಿಡುತ್ತೇನೆ ಎಂದ. ಈ ಸಲ ಬಾಗಿಲನ್ನು ಮುಷ್ಟಿಯಿಂದ ಗುದ್ದಿದ, ಎಣಿಸಲಿಲ್ಲ, ಹಿಡಿ ತಿರುಗಿಸಿ ನುಗ್ಗಿದ. ಹಿತ್ತಿಲ ಬಾಗಿಲಿನಿಂದ ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಮಾರಿಯನ್ ಆಗಷ್ಟೇ ಒಳಗೆ ಕಾಲಿಡುತ್ತಿದ್ದಳು.

"ಮುಟ್ಟಬೇಡ! ಅದನ್ನ ಮುಟ್ಟಬೇಡ!"

ಬುಟ್ಟಿ ಅವಳ ಕೈಯಿಂದ ಜಾರಿತು. "ಏನಯ್ಯಾ ಇದು! ಹೆದರಿ ಸತ್ತೇಹೋಗ್ತಿದ್ದೆ. ಮನೆಗೆ ಬೆಂಕಿ ಬಿತ್ತಾ?"

"ಆ ಸ್ಟೀಲು... ಕರೆಂಟು ಬಂದಿದೆ ಅದಕ್ಕೆ."

ಅವಳು ಗೋಡೆ ನೋಡಿದಳು, ಅವನನ್ನು ನೋಡಿದಳು. ಅವನು ಜೇಬಿನಿಂದ ಟೆಸ್ಟರ್ ತೆಗೆದು, ಚೌಕಟ್ಟಿನ ಕೆಳಗಿನ ಸ್ಕ್ರೂಗೆ ತಾಗಿಸಿದ. ಟೆಸ್ಟರಿನ ಹಿಡಿಯೊಳಗಿನ ಪುಟ್ಟ ದೀಪ ಹತ್ತಲಿಲ್ಲ. ಇನ್ನೊಂದು ಸ್ಕ್ರೂಗೆ ತಾಗಿಸಿದ. ಹತ್ತಲಿಲ್ಲ. ಮೇಲೆ ನೀಲಿ ಅಕ್ಷರ ಹತ್ತು ಇಪ್ಪತ್ತಾರು ತೋರಿಸುತ್ತಿತ್ತು. ಒಂದು ಗಂಟೆ! ಊರಿನ ಗಡಿಯಾರವೆಲ್ಲ ತಿದ್ದುವವನು ತನ್ನ ಮನೆಯ ಒಲೆಯದನ್ನು ತಿದ್ದಿರಲಿಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದ ಹಾಗೆ.

ಮಾರಿಯನ್ ಬಗ್ಗಿ ಬಟ್ಟೆಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕತೊಡಗಿದಳು. ಅವಳ ದನಿ ಮೆತ್ತಗಿತ್ತು, ಅದೇ ಕೆಟ್ಟದ್ದು. "ನೋಡು, ಏನೂ ಇಲ್ಲ. ಒಂದು ಮಾತು ಹೇಳ್ಲಾ? ನಾನೇ ಮಾಡ್ಕೊಂಡೆ ಅನ್ನೋದು ನಿನಗೆ ಸಹಿಸೋಕೆ ಆಗ್ತಿಲ್ಲ. ಬೆಳಗ್ಗೆ ನಿನ್ನ ಮುಖ ನೋಡಿದಾಗಲೇ ಗೊತ್ತಾಯ್ತು. ಮನೆಗೆ ಹೋಗು ವಿಲ್ಫ್, ಆಲ್ಮಾ ಕಾಯ್ತಿರ್ತಾಳೆ."

ಬಾಗಿಲು ತೆರೆದೇ ಇತ್ತು. ಹೌದು ಮಾರಿಯನ್, ವಯಸ್ಸಾಯ್ತು ನೋಡು, ತಪ್ಪು ತಿಳಿದೆ ಎಂದರೆ ಮುಗಿಯಿತು. ಮುದುಕನ ಹೊಟ್ಟೆಕಿಚ್ಚು ಎಂದು ಬೀದಿ ನಾಲ್ಕು ದಿನ ನಗುತ್ತದೆ. ಹೋಗುವಾಗ ಮೀಟರಿನ ಬಳಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಹೋಗಬಹುದು, ಅವಳು ಯಾರನ್ನೋ ಕರೆಸುತ್ತಾಳೆ, ಆ ಯಾರೋ ನೋಡಿ ಸರಿಮಾಡುತ್ತಾನೆ, ತಪ್ಪು ರಾಯ್‌ನದಾಗಿಯೇ ಉಳಿಯುತ್ತದೆ. ಎಲ್ಲ ಎಷ್ಟು ಸಲೀಸಾಗಿ ಕೂಡಿಬರುತ್ತಿತ್ತು! ಆ ಸಲೀಸೇ ಅವನನ್ನು ಹೆದರಿಸಿತು. ಬೀದಿಯಲ್ಲಿ ದೇವರಿಗೆ ಕೊಟ್ಟ ಮಾತಿಗೆ ಐದು ನಿಮಿಷ ತುಂಬಿರಲಿಲ್ಲ.

"ಈಗ ಬರಲ್ಲ," ಎಂದ. "ಹಂಡೆ ಕಾಯ್ಬೇಕು. ಕಾದ ಮೇಲೆ ಬರುತ್ತೆ."

"ಅದು ನಿನಗೆ ಹೇಗೆ ಗೊತ್ತು?"

"ಆ ವೈರ್ ಹಾಗೆ ಹಾಕಿದ್ದು ನಾನು. ರಾಯ್ ಅಲ್ಲ. ಅವನು ಟಾರ್ಚು ಹಿಡಿದಿದ್ದ ಅಷ್ಟೇ. ತಪ್ಪಲ್ವಾ ಅಂತ ಕೇಳಿದ್ದೂ ಅವನೇ."

ಮಾರಿಯನ್ ಕೈಯಲ್ಲಿದ್ದ ದಿಂಬಿನ ಕವಚವನ್ನು ಮಡಿಸಿದಳು, ಮತ್ತೆ ಮಡಿಸಿದಳು, ಅಂಗೈಯಷ್ಟಾಗುವವರೆಗೆ ಮಡಿಸಿದಳು. "ಬೆಳಗ್ಗೆ ರಾಯ್ ಕೆಲಸ ಅಂದೆ ನಾನು. ನೀನು ಹೂಂ ಅಂದೆ."

"ಅಂದೆ."

"ಹಾಗಂದು ನನ್ನ ಪಾರ್ಕಿನ್ ಬೇರೆ ತಿಂದೆ."

ಮೇನ್ ಆಫ್ ಮಾಡುತ್ತೇನೆ, ಬಿಚ್ಚಿ ತೋರಿಸುತ್ತೇನೆ ಎಂದ. ಅವಳು ಬೇಡವೆಂದು ಕೈ ಅಡ್ಡ ತಂದಳು. "ಕೂತ್ಕೋ. ಇನ್ನು ನಿನ್ನ ಬಾಯಿ ಮಾತು ನನಗೆ ಬೇಡ. ಹಂಡೆ ಕಾಯಲಿ, ಕಣ್ಣಾರೆ ನೋಡ್ತೀನಿ."

ಹಾಗೆ ಇಬ್ಬರೂ ಮೇಜಿನ ಎರಡು ಬದಿಗೆ ಕೂತರು, ಆಸ್ಪತ್ರೆಯಲ್ಲಿ ಹೆಸರು ಕರೆಯಲು ಕಾದವರಂತೆ. ಬಾಯ್ಲರು ಗುರುಗುಟ್ಟುತ್ತಿತ್ತು. ಗೋಡೆಯೊಳಗೆ ಕೊಳವೆಗಳು ಬಿಸಿಯಾಗಿ ಹಿಗ್ಗುವ ಸದ್ದು, ಯಾರೋ ಬೆರಳ ನೆಟಿಕೆ ತೆಗೆದಂತೆ. ಬೇರೆ ದಿನವಾದರೆ ಅದು ಮನೆಯನ್ನು ಮನೆಯಾಗಿಸುವ ಸದ್ದು, ಹೊರಗೆ ಚಳಿಯಿದೆ ಒಳಗೆ ನಾವಿದ್ದೇವೆ ಎನ್ನುವ ಸದ್ದು. ವಿಲ್ಫ್ ಐದು ನಿಮಿಷಕ್ಕೊಮ್ಮೆ ಎದ್ದು ಟೆಸ್ಟರ್ ತಾಗಿಸಿ ನೋಡಿ ಬಂದು ಕೂರುತ್ತಿದ್ದ. ಹತ್ತದಿರಲಿ ಎಂದು ಬೇಡಿಕೊಂಡ. ಹತ್ತದಿದ್ದರೆ ತಾನು ಬರೀ ಹುಚ್ಚ, ಅದಾದರೂ ಬಾಳಬಹುದಾದ ಬಾಳು. ಮರುಕ್ಷಣವೇ ಹತ್ತಲಿ ಅನ್ನಿಸುತ್ತಿತ್ತು. ಹತ್ತದೆ ಅವಳು ತನ್ನನ್ನು ಹೊರಗೆ ಕಳಿಸಿ, ನಾಳೆ, ನಾಳಿದ್ದು, ಇನ್ಯಾವತ್ತೋ ಹತ್ತಿದರೆ? ಮಾರಿಯನ್ ಅವನನ್ನು ನೋಡುತ್ತಿರಲಿಲ್ಲ. ಗೋಡೆಯನ್ನೂ ನೋಡುತ್ತಿರಲಿಲ್ಲ. ಸಿಂಕಿನ ಮುಂದಿನ ನೆಲವನ್ನು ನೋಡುತ್ತಿದ್ದಳು, ಬಹಳ ಹೊತ್ತಿನಿಂದ, ಕದಲದೆ. ಅವಳು ಏನನ್ನು ಕೂಡಿಸುತ್ತಿದ್ದಾಳೆ ಎಂದು ಅವನಿಗೆ ಅರ್ಥವಾಯಿತು.

ಹತ್ತು ನಲವತ್ತೊಂಬತ್ತಕ್ಕೆ ಮಹಡಿಯಲ್ಲಿ ಟಕ್ ಎಂದಿತು. ಇಬ್ಬರಿಗೂ ಕೇಳಿಸಿತು. ಬಾಯ್ಲರಿನ ಗುರುಗುಟ್ಟು ಇಳಿದು ನಿಂತಿತು. ವಿಲ್ಫ್ ಎದ್ದು ಟೆಸ್ಟರನ್ನು ಸ್ಕ್ರೂಗೆ ತಾಗಿಸಿದ. ಕಿತ್ತಳೆ ಬಣ್ಣದ ಪುಟ್ಟ ದೀಪ ಹತ್ತಿತು. ಟೆಸ್ಟರನ್ನು ಚೌಕಟ್ಟಿನ ಉದ್ದಕ್ಕೂ ಸರಿಸಿದ; ಸರಿಸಿದಲ್ಲೆಲ್ಲ ಹತ್ತೇ ಇತ್ತು.

ಮಾರಿಯನ್ ಹತ್ತಿರ ಬಂದು ನೋಡಿದಳು. ಅವಳ ಉಸಿರು ಅವನ ಕಿವಿಗೆ ತಾಗುವಷ್ಟು ಹತ್ತಿರ. ಆಮೇಲೆ ಮೆಟ್ಟಿಲ ಕೆಳಗಿನ ಗೂಡಿಗೆ ಹೋಗಿ ಮೇನ್ ತಾನೇ ಇಳಿಸಿದಳು. ಫ್ರಿಜ್ಜೂ ಸುಮ್ಮನಾಯಿತು, ನೀಲಿ ಅಕ್ಷರವೂ ಆರಿತು. ತಿರುಗಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಆಗ್ಲೂ ಹೀಗೇ ಇತ್ತಾ?"

"ಇಲ್ಲ. ಇಲ್ಲ ಮಾರಿಯನ್. ಆಗ ಆ ವೈರು ಡಬ್ಬಿಗೆ ಸೇರಿರಲಿಲ್ಲ. ಅದರ ಜಾಗದಲ್ಲಿ ಬಿಗಿಯಾಗಿತ್ತು, ನಾನೇ ಬಿಗಿದಿದ್ದು. ಡಾಕ್ಟ್ರು ಬರೆದು ಕೊಟ್ರಲ್ಲ. ಹೃದಯ ನಿಂತು ಹೋಯ್ತು ಅಂತ."

"ಹೃದಯ ನಿಲ್ಲದೆ ಯಾರು ಸಾಯ್ತಾರೆ, ವಿಲ್ಫ್?"

ಉಳಿದಿದ್ದದ್ದು ಒಂದೇ ಮಾತು, ಒಂಬತ್ತು ವರ್ಷದಿಂದ ಅವನನ್ನು ಹಿಡಿದು ನಿಲ್ಲಿಸಿದ್ದ ಮಾತು. ಅದನ್ನು ಹಠ ಹಿಡಿದ ಮಗುವಿನ ದನಿಯಲ್ಲಿ ಆಡಿದ. "ಎದೆ ಹಿಡ್ಕೊಂಡು ಬಿದ್ದ ಅಂತ ನೀನೇ ಹೇಳಿದ್ದಲ್ಲ. ಎಲ್ಲರಿಗೂ ಹೇಳಿದ್ದೆ. ನಾನೇ ಕೇಳಿಸ್ಕೊಂಡಿದ್ದೀನಿ."

ಮಾರಿಯನ್ ಮುಖ ನಿಧಾನವಾಗಿ ಬದಲಾಯಿತು. ಸಿಟ್ಟು ಇಳಿಯಿತು, ಅದು ಇಳಿದ ಜಾಗದಲ್ಲಿ ಬಂದದ್ದು ಅವನ ಎದೆಯಲ್ಲಿದ್ದಂಥದೇ ಭಯ. ಅವಳೂ ಅದನ್ನು ಅಷ್ಟೇ ವರ್ಷ ಒಳಗಿಟ್ಟುಕೊಂಡವಳಂತೆ ಕಂಡಳು.

"ನಾನು ನೋಡಲೇ ಇಲ್ಲ ಕಣೋ," ಎಂದಳು. "ಮೇಲೆ ಸ್ನಾನದ ತೊಟ್ಟೀಲಿ ಕಣ್ಣು ಮುಚ್ಕೊಂಡು ಮಲಗಿದ್ದೆ. ಧಡ್ ಅಂತ ಕೇಳಿಸ್ತು, ಏನೋ ಬೀಳಿಸಿರ್ತಾನೆ ಅಂತ ಏಳಲೂ ಇಲ್ಲ. ನೀರು ಆರೋವರೆಗೂ ಅಲ್ಲೇ ಇದ್ದೆ. ಆಮೇಲೆ ಆಂಬುಲೆನ್ಸಿನವರು ಕೇಳಿದ್ರು, ಹೇಗೆ ಬಿದ್ರು ಅಂತ. ಏನಾದ್ರೂ ಒಂದು ಹೇಳಬೇಕಿತ್ತಲ್ಲ."